ಗೆರೆಯ ಕೆಳಗಿನ ಡಾಂಬರು

ಎರಡು ದಿನ ರಜೆ ಹಾಕಿ ಮೂರನೆಯ ದಿನ ಕೆಲಸಕ್ಕೆ ಬಂದ ಗೆರೆಯಕ್ಕ, ಕೈಚೀಲ ಕೆಳಗಿಡುವ ಮೊದಲೇ ಡಾಂಬರು ಕಾಯಿಸುವ ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ತಳ ಕಾಣಿಸಿತು. ಕೆರೆದು, ಸೀಮೆಎಣ್ಣೆ ಹಾಕಿ ಉಜ್ಜಿ, ತೊಳೆದಿಟ್ಟ ಪಾತ್ರೆಯ ಹಾಗೆ ಇತ್ತು. ಎಂಟು ವರ್ಷದ ಈ ಕೆಲಸದಲ್ಲಿ ಅವಳು ಯಾವ ಡ್ರಮ್ಮಿನ ತಳವನ್ನೂ ಹೀಗೆ ಕಂಡವಳಲ್ಲ. ಸಂಜೆಯ ಹೊತ್ತಿಗೆ ಒಂದೋ ಒಂದೂವರೆಯೋ ಬಕೆಟ್ಟು ಉಳಿದು ಗಟ್ಟಿಯಾಗುವುದು ಇದ್ದದ್ದೇ.

"ಏನಕ್ಕ ಅಷ್ಟೊತ್ತು ನೋಡ್ತಿದ್ದೀಯ, ಮುಖ ಕಾಣ್ಸುತ್ತಾ?" ಎಂದಳು ಓರಗಿತ್ತಿ. ಗಂಡನ ತಮ್ಮನ ಹೆಂಡತಿ. ಮೂರು ತಿಂಗಳಿಂದ ಇವಳ ಕೈಕೆಳಗೆ ಕೆಲಸಕ್ಕಿದ್ದಳು. "ನಾನೇ ತಿಕ್ಕಿದ್ದು. ಭುಜ ಬಿದ್ದುಹೋಯ್ತು."

"ತಳದಲ್ಲಿ ಉಳಿದಿದ್ದು ಎಲ್ಲಿ?"

"ಬಳಿದ್ವಿ."

"ಎಲ್ಲಿಗೆ?"

"ಕಂಬಕ್ಕೆ. ಮತ್ತೆ ತಲೆಗೆ ಹಚ್ಕೋತೀವಾ?"

ಗೆರೆಯಕ್ಕನ ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ಅದನ್ನು ಇಳಿಸಿದಳು, ಮತ್ತೆ ಏರಿಸಿಕೊಂಡಳು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಕಂಬಗಳ ಮೇಲೆ ಎಳೆಯುವ ಕೆಂಪು ಗೆರೆಯಿಂದ. ಇಲ್ಲಿ ಕಟ್ಟುತ್ತಿದ್ದದ್ದು ಊರಿನ ಆ ಭಾಗಕ್ಕೆಲ್ಲ ನೀರು ಕೊಡುವ ಎತ್ತರದ ಟ್ಯಾಂಕು. ನಾಲ್ಕು ಕಾಲಿನ ಟ್ಯಾಂಕು, ಕಾಲೊಂದಕ್ಕೆ ನಾಲ್ಕರಂತೆ ನೆಲದೊಳಗೆ ಹದಿನಾರು ಚೌಕಾಕಾರದ ಕಾಂಕ್ರೀಟ್ ಕಂಬ. ಒಂದೊಂದೂ ಹದಿನೆಂಟು ಮೀಟರ್ ಉದ್ದ. ಜಾಗ ಮೊದಲು ದೊಡ್ಡ ಹಳ್ಳವಾಗಿತ್ತು. ಒಡೆದ ಮನೆಗಳ ಅವಶೇಷ, ಬೂದಿ, ಕೆಸರು ಎಲ್ಲ ತಂದು ಸುರಿದು ಮಟ್ಟ ಮಾಡಿದ್ದರು. ಹಾಗೆ ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಕೂರುವಾಗ ಸುಮ್ಮನೆ ಕೂರುವುದಿಲ್ಲ, ಕಂಬವನ್ನು ಹಿಡಿದುಕೊಂಡು ಕೂರುತ್ತದೆ. ಟ್ಯಾಂಕಿನ ಭಾರ ಹೊರಬೇಕಾದ ಕಂಬ ಜೊತೆಗೆ ಮಣ್ಣಿನ ಭಾರವನ್ನೂ ಹೊತ್ತು ಕೆಳಗಿಳಿಯುತ್ತದೆ. ಅದಕ್ಕೇ ಮೇಲಿನ ಹನ್ನೊಂದು ಮೀಟರಿಗೆ ಬಿಸಿ ಡಾಂಬರನ್ನು ದಪ್ಪಗೆ ಬಳಿದು ಕಂಬವನ್ನು ಮಣ್ಣಿನಿಂದ ಬೇರೆ ಮಾಡುವುದು. ಮಣ್ಣು ಜಾರಿಕೊಂಡು ತನ್ನ ಪಾಡಿಗೆ ತಾನು ಕೂರುತ್ತದೆ, ಕಂಬ ನಿಂತಲ್ಲೇ ನಿಲ್ಲುತ್ತದೆ.

ಇದನ್ನು ಎಂಜಿನಿಯರು ಮೊದಲ ದಿನ ವಿವರಿಸಿದಾಗ ಡಾಂಬರು ಬಳಿಯುವ ನಾಲ್ವರು ಹೆಂಗಸರು ಮುಖಮುಖ ನೋಡಿಕೊಂಡು ನಕ್ಕಿದ್ದರು. "ಸಾರ್, ಹಾಗಾದ್ರೆ ನಮಗೂ ಒಂದೊಂದು ಕೋಟು ಹೊಡೆಸಿಬಿಡಿ" ಎಂದಿದ್ದಳು ಓರಗಿತ್ತಿ. ಐವತ್ತು ದಾಟಿದ ಆ ಮನುಷ್ಯ ಕನ್ನಡಕ ಒರೆಸಿಕೊಳ್ಳುತ್ತ, ನಗಬೇಕೋ ಬೇಡವೋ ಎಂದು ಯೋಚಿಸಿ, ಆಮೇಲೆ ನಕ್ಕಿದ್ದರು.

ಕೆಳಗಿನ ಏಳು ಮೀಟರಿನ ಮಾತು ಬೇರೆ. ಅದು ಗಟ್ಟಿ ನೆಲದೊಳಗೆ ಹೋಗುವ ಭಾಗ. ಅಲ್ಲಿ ಕಂಬಕ್ಕೆ ಹಿಡಿತ ಬೇಕು. ಒರಟು ಕಾಂಕ್ರೀಟು ಒರಟು ನೆಲವನ್ನು ಕಚ್ಚಿಕೊಂಡರೇ ಟ್ಯಾಂಕು ನಿಲ್ಲುವುದು. ಅಲ್ಲಿ ಡಾಂಬರು ತಾಗಬಾರದು, ಒಂದು ಹನಿಯೂ ಕೂಡದು. ಎಲ್ಲಿಯವರೆಗೆ ಬಳಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸುವುದೇ ಆ ಕೆಂಪು ಗೆರೆ.

ಎಂಟು ವರ್ಷದ ಹಿಂದೆ ಅವಳು ಬಂದದ್ದು ಕಂಬದ ಧೂಳು ಗುಡಿಸುವ ಕೆಲಸಕ್ಕೆ. ಬಳಿಯುವವರು ಗಂಡಸರು. ಬೇಸಿಗೆಯಲ್ಲಿ ಡ್ರಮ್ಮಿನ ಝಳ ತಡೆಯಲಾರದೆ ಒಬ್ಬೊಬ್ಬರೇ ಬಿಟ್ಟುಹೋದರು. "ಒಲೆ ಮುಂದೆ ನಿಂತು ಅಭ್ಯಾಸ ಇರೋರು ಯಾರಾದ್ರೂ ಇದ್ದೀರಾ" ಎಂದು ಆಗಿನ ಮೇಸ್ತ್ರಿ ತಮಾಷೆಗೆ ಕೇಳಿದ. ಅವಳು ತಮಾಷೆ ಮಾಡದೆ ಉದ್ದ ಹಿಡಿಯ ಬ್ರಷ್ಷನ್ನು ಕೈಗೆತ್ತಿಕೊಂಡಳು. ಡಾಂಬರು ಎಷ್ಟು ಕಾದರೆ ಬ್ರಷ್ಷಿನಿಂದ ಎಳೆ ಎಳೆಯಾಗಿ ಇಳಿಯುತ್ತದೆ, ಎಷ್ಟು ಕಾದರೆ ಸೀದು ಸತ್ವ ಕಳೆದುಕೊಳ್ಳುತ್ತದೆ ಎನ್ನುವುದು ಥರ್ಮಾಮೀಟರಿಗಿಂತ ಮೊದಲು ಅವಳ ಮೂಗಿಗೆ ತಿಳಿಯುತ್ತಿತ್ತು. ನಿಧಾನವಾಗಿ ಗೆರೆ ಅವಳದಾಯಿತು. ಈ ಟ್ಯಾಂಕಿನ ಕೆಲಸದಲ್ಲಿ ಎಂಜಿನಿಯರು ಕಾಗದವನ್ನೂ ಅವಳ ಕೈಗೇ ಕೊಟ್ಟರು. ಕಂಬಕ್ಕೊಂದು ಹಾಳೆ. ಗೆರೆ ಅಳತೆ ಸರಿ, ಲೇಪದ ದಪ್ಪ ಸರಿ, ಗೆರೆಯ ಕೆಳಗೆ ಲೇಪವಿಲ್ಲ. ಅದರಡಿಯಲ್ಲಿ ಅವಳ ಸೈನು. ಆ ಸೈನಿಲ್ಲದೆ ಕ್ರೇನು ಕಂಬವನ್ನು ಮುಟ್ಟುವಂತಿಲ್ಲ. ಹದಿನಾರು ಕಂಬ ತಕರಾರಿಲ್ಲದೆ ಮುಗಿದರೆ ಮುಂದಿನ ಸೇತುವೆಯ ಕೆಲಸವೂ ಈ ಹೆಂಗಸರಿಗೇ, ಸೈನೂ ಇವಳದೇ ಎಂದು ಮಾತಾಗಿತ್ತು.

ಆಚೆಮೊನ್ನೆ, ರಜೆಗೆ ಹಿಂದಿನ ದಿನ, ಮಧ್ಯಾಹ್ನ ಮೂರಕ್ಕೆ ಗಂಡ ಫೋನು ಮಾಡಿದ್ದ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಬೇಗ ಬಾ. ಅಂದು ಬಳಿಯಬೇಕಿದ್ದ ಮೂರು ಕಂಬಗಳಲ್ಲಿ, ಅಂದರೆ ನಾಲ್ಕು, ಐದು, ಆರರಲ್ಲಿ, ಆರನೆಯದರ ಒಂದು ಬದಿ ಬಾಕಿಯಿತ್ತು. ಹಾಳೆಗಳನ್ನು ಸಂಜೆಯೊಳಗೆ ಕಚೇರಿಗೆ ಕೊಡಬೇಕು. ಅವಳು ಮೂರಕ್ಕೂ ನಿಂತ ಕಾಲಲ್ಲೇ ಸೈನು ಹಾಕಿದಳು. ಡ್ರಮ್ಮಿನಲ್ಲಿ ಉಳಿದದ್ದು ಗಟ್ಟಿಯಾಗಿ ಮರುದಿನ ಕರಗಿಸಲು ಗ್ಯಾಸು ದಂಡವಾಗುತ್ತದೆಂದು ಮೇಸ್ತ್ರಿ ಬೆಳಿಗ್ಗೆಯಷ್ಟೇ ರೇಗಿದ್ದ. ಅದೂ ನೆನಪಾಗಿ, "ಹೋಗೋವಾಗ ಡ್ರಮ್ಮು ಖಾಲಿ ಮಾಡಿಡಿ" ಎಂದು ಕೂಗಿ ಬಸ್ಸಿಗೆ ಓಡಿದಳು. ಮರಳಿನ ಗುಂಡಿಗೆ ಸುರಿಯಿರಿ ಎನ್ನಲಿಲ್ಲ. ಅದನ್ನೂ ಹೇಳಬೇಕಾದೀತೆಂದು ಹೊಳೆಯಲೇ ಇಲ್ಲ.

"ಸುರಿಯೋದಾ?" ಈಗ ಓರಗಿತ್ತಿ ಸೊಂಟಕ್ಕೆ ಕೈ ಇಟ್ಟು ಕೇಳಿದಳು. "ಒಂದೂವರೆ ಬಕೆಟ್ ಚೊಕ್ಕ ಡಾಂಬರು. ಒಂದು ತುತ್ತು ಚೆಲ್ಲಿದ್ರೆ ಅತ್ತೆ ಎಷ್ಟು ಮಾತಾಡ್ತಾರೆ, ನೀನು ಎಷ್ಟು ಮಾತಾಡ್ತೀಯ. ಅದನ್ನ ಮಣ್ಣಿಗೆ ಹಾಕಿದ್ರೆ ನನ್ನ ಚರ್ಮ ಸುಲೀತಿರ್ಲಿಲ್ವಾ? ಆರನೇ ಕಂಬ ಡ್ರಮ್ಮಿಗೆ ಹತ್ರ ಇತ್ತು. ಕೆಳಗಡೆ ಬೋಳಾಗಿ ಅರ್ಧಂಬರ್ಧ ಕಾಣ್ತಿತ್ತು. ಬಳಿದುಬಿಟ್ವಿ. ಚೆಂದ ಆಗಿತ್ತು, ಗೊತ್ತಾ."

"ಗೆರೆ?"

"ಗೆರೆ ಮೇಲೂ ಬಂತು. ಅಂಚು ಮಾತ್ರ ನೀಟಾಗಿ ಮಾಡಿದೀವಿ."

ಉಳಿದಿಬ್ಬರು ಹೆಂಗಸರು ಬ್ರಷ್ಷು ತೊಳೆಯುವ ನೆಪದಲ್ಲಿ ತಲೆ ತಗ್ಗಿಸಿದರು. ತಪ್ಪಾಗಿದೆ ಎಂದು ಅವರಿಗೆ ಈಗ ವಾಸನೆ ಹತ್ತಿತ್ತು.

ಗೆರೆಯಕ್ಕ ಲೆಕ್ಕ ಹಾಕಿದಳು. ಕಂಬಕ್ಕೆ ಎರಡೂವರೆ ಬಕೆಟ್ಟು, ಮೂರು ಕಂಬಕ್ಕೆ ಏಳೂವರೆ. ಅಂದು ಕರಗಿಸಿದ್ದು ಒಂಬತ್ತು. ಎಣಿಸಿ ಹಾಕಿಸಿದವಳು ಅವಳೇ. ಕ್ರೇನು ಅಷ್ಟು ಹೊತ್ತಿಗೆ ಹೊರಟುಹೋಗಿರುತ್ತದೆ, ನೆಲದ ಮೇಲೆ ಮಲಗಿಸಿದ ಕಂಬ ಮಗುಚಲು ಆಗುವುದಿಲ್ಲ, ಮೂರೇ ಮುಖ ಕೈಗೆ ಸಿಗುವುದು. ಮೂರು ಮುಖಕ್ಕೆ ಒಂದೂವರೆ ಬಕೆಟ್ಟು. ಏಳು ಮೀಟರು, ಸರಿಯಾಗಿ ತುದಿಯವರೆಗೂ ಬರುತ್ತದೆ.

"ಆರನೇದು ಎಲ್ಲಿದೆ?"

"ನಿನ್ನೆನೇ ಇಳಿಸಿಬಿಟ್ರಲ್ಲ."

ಅವಳು ಅಂಗಳ ದಾಟಿ ಹೋದಳು. ನಾಲ್ಕು, ಐದು, ಆರು ಮೂರೂ ನೆಲದಲ್ಲಿ ಮುಳುಗಿ ತಲೆಯಷ್ಟೇ ಮೇಲಿತ್ತು. ಮೂರೂ ಒಂದೇ ಥರ. ಕಂಬಗಳನ್ನು ಬಡಿದು ಇಳಿಸುವ ಸುತ್ತಿಗೆ ಯಂತ್ರದ ಆಪರೇಟರು ಸೀಟಿನಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಆರನೇದು ಹೇಗೆ ಇಳೀತಣ್ಣ?"

"ಅಯ್ಯೋ, ಬೆಣ್ಣೇಲಿ ಚಾಕು ಇಳಿದ ಹಾಗೆ. ಬೇರೇದಕ್ಕೆಲ್ಲ ಕೊನೆಗೆ ಪ್ರಾಣ ಹೋಗುತ್ತೆ. ಇದು ಒಳ್ಳೇ ಕಂಬ."

ಅವನಿಗೆ ಅದು ಹೊಗಳಿಕೆ. ಅವಳಿಗೆ ಕೇಳಿಸಿದ್ದು, ಕೆಳಗೆ ಹಿಡಿತವಿಲ್ಲ ಎಂದು.

ಊಟದ ಬಿಡುವಿನಲ್ಲಿ ಮೇಸ್ತ್ರಿಗೆ ಹೇಳಿದಳು. ಅವನು ತಿನ್ನುವುದನ್ನು ನಿಲ್ಲಿಸಲಿಲ್ಲ. ಕಂಬ ಎತ್ತುವ ಮುಂಚೆ ಗೆರೆ ನೋಡಬೇಕಾದವನು ಅವನು ಕೂಡ. ಹಾಳೆಯಲ್ಲಿ ಅವಳ ಸೈನು ಕಂಡು, ನೋಡದೆಯೇ ಕ್ರೇನಿಗೆ ಕೈ ಬೀಸಿದ್ದ.

"ನೆಲದೊಳಗೆ ಹೋದದ್ದನ್ನ ಯಾರಕ್ಕ ಅಗೆದು ನೋಡ್ತಾರೆ? ಹದಿನಾರರಲ್ಲಿ ಒಂದು."

"ಕಾಲಿಗೆ ನಾಲ್ಕು. ನಾಲ್ಕರಲ್ಲಿ ಒಂದು."

"ಎಂಜಿನಿಯರಿಗಿಂತ ಜಾಸ್ತಿ ತಿಳ್ಕೊಂಡಿದ್ದೀರಿ. ನೋಡಿ, ಸೈನು ನಿಮ್ಮದು. ನಾನು ಬಾಯಿ ಬಿಟ್ಟರೆ ನನಗೇನೂ ಆಗಲ್ಲ. ನಿಮ್ಮ ಒಳ್ಳೇದಕ್ಕೆ ಸುಮ್ಮನಿರಿ ಅಂತಿದ್ದೀನಿ." ಡಬ್ಬಿ ಮುಚ್ಚಿದ. "ಆಮೇಲೆ ಹೆಂಗಸ್ರ ಕೈಗೆ ಕಾಗದ ಕೊಟ್ಟರೆ ಹೀಗೇ ಅಂತ ನಾಲ್ಕು ಜನ ಅನ್ನೋದು ಬೇಡ."

ಅವನ ಭಾವಮೈದುನ ಡಾಂಬರನ್ನು ಮೆಷಿನ್ನಿನಿಂದ ಸಿಂಪಡಿಸುವ ಗುಂಪೊಂದನ್ನು ಇಟ್ಟುಕೊಂಡಿದ್ದಾನೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನು ಹೇಳಿದ್ದರಲ್ಲಿ ಕಾಳಜಿ ಎಷ್ಟು, ಬೆದರಿಕೆ ಎಷ್ಟು ಎಂದು ಬಿಡಿಸಿ ನೋಡಲು ಅವಳಿಗೆ ಆಗಲಿಲ್ಲ. ಎಂಜಿನಿಯರು ಅಂದು ಬೇರೆ ಕಡೆ ಹೋಗಿದ್ದರು. ಮಧ್ಯಾಹ್ನವೆಲ್ಲ ಏಳನೆಯ ಕಂಬದ ಸುತ್ತ ಟೇಪು ಹಿಡಿದು ತಿರುಗಿದಳು. ಅಳೆದದ್ದನ್ನೇ ಅಳೆದಳು.

ಸಂಜೆ ಮನೆಯಲ್ಲೂ ಕಾಲು ನಿಲ್ಲಲಿಲ್ಲ. ಮುಂದಿನ ಕೋಣೆಯಲ್ಲಿ ಗಂಡನ ಗಡಿಯಾರ ರಿಪೇರಿಯ ಮೇಜು. ಅದರ ಹಿಂದೆ ಅತ್ತೆಯ ಮಂಚ. ಅದರ ಹಿಂದೆ ಅಡುಗೆಮನೆ, ಬಚ್ಚಲು. ಗಂಡ ಕೂರುವ ಕುರ್ಚಿಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ಕೆಲಸದ ಜಾಗದಿಂದ ಎರಡು ಬಸ್ಸು, ಮುಕ್ಕಾಲು ಗಂಟೆ. ಹೊರಗಿನ ನಲ್ಲಿಯಿಂದ ನೀರು ತಂದಳು. ಅತ್ತೆಯ ಬಟ್ಟೆ ಬದಲಿಸಿದಳು, ಹಾಸಿಗೆ ಕೊಡವಿದಳು, ಒಲೆ ಹಚ್ಚಿದಳು, ನೆನೆಸಿದ ಬಟ್ಟೆ ನೆನಪಾಗಿ ಒಲೆ ಸಣ್ಣ ಮಾಡಿ ಹೋದಳು. ಮಧ್ಯೆ ಸುಮ್ಮನೆ ಬಾಗಿಲವರೆಗೆ ಹೋಗಿ ಬಂದಳು.

"ಚಹಾಕ್ಕೆ ಸಕ್ಕರೆ ಹಾಕಿಲ್ಲ" ಎಂದ ಗಂಡ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ.

"ಡಬ್ಬಿ ಅಲ್ಲೇ ಇದೆ ನೋಡ್ರಿ."

ಅವನು ಡಬ್ಬಿಯ ಕಡೆ ನೋಡಿದ. ನೋಡಿ, ಕಾದ.

ಅತ್ತೆಯ ಬಲಗೈಗೆ ಪಟ್ಟಿ ಕಟ್ಟಿದ್ದರು, ಸೊಂಟ ನೋಯುತ್ತಿತ್ತು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ತಲೆ ಬಾಚಿಸಿಕೊಳ್ಳುತ್ತ ಕೇಳಿದಳು: "ಏನೇ, ಬಾಚಣಿಗೇಲಿ ನೆಲ ಉಳೋ ಹಾಗೆ ಎಳೀತಿದ್ದೀಯ. ಕೆಲಸದಲ್ಲಿ ಏನಾಯ್ತು?"

ಗೆರೆಯಕ್ಕ ಹೇಳಿದಳು. ಹೇಳಬೇಕೆಂದುಕೊಂಡಿರಲಿಲ್ಲ. ಕಂಬ, ಗೆರೆ, ಒಂದೂವರೆ ಬಕೆಟ್ಟು, ನೋಡದೆ ಹಾಕಿದ ಸೈನು.

"ನಾನು ಬಿದ್ದೆ ಅಂತ ಓಡಿ ಬಂದ ದಿನವಾ?"

"ಹೂಂ."

ಅತ್ತೆ ಮಗನ ಮೇಜಿನ ಕಡೆ ನೋಡಿದಳು. ಅವನಿಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು: "ಇವನು ನನ್ನ ಎತ್ತಲಿಲ್ಲ ಕಣೇ. ಬಚ್ಚಲಲ್ಲೇ ಒಂದು ದಿಂಬು ಕೊಟ್ಟು ಕೂರಿಸಿದ. 'ಅವಳು ಬರ್ತಿದ್ದಾಳೆ, ತಡಕೋ' ಅಂದ. ಒಂದು ಗಂಟೆ ಒದ್ದೆ ನೆಲದ ಮೇಲೆ ದಿಂಬು ಒರಗಿಕೊಂಡು ಕೂತಿದ್ದೆ, ಮಹಾರಾಣಿ ಥರ."

"ಭಾರ ಎತ್ತಿದ್ರೆ ಇಡೀ ದಿನ ಕೈ ನಡುಗುತ್ತಮ್ಮ" ಎಂದ ಮಗ. "ಸಣ್ಣ ಸಣ್ಣ ಸ್ಕ್ರೂ. ನನ್ನ ಕೆಲಸ ನಿನಗೆ ಗೊತ್ತಿಲ್ವಾ?"

"ಗೊತ್ತಪ್ಪ. ಇವಳು ಬರೋಳು ಅಂತಾನೂ ಗೊತ್ತಿತ್ತು ನಿನಗೆ. ನನಗೂ ಗೊತ್ತಿತ್ತು. ಅದಕ್ಕೇ ನಾನೂ 'ಎತ್ತೋ' ಅಂತ ಬೈಲಿಲ್ಲ." ಸೊಸೆಯ ಕಡೆ ಕುತ್ತಿಗೆ ತಿರುಗಿಸಿದಳು. "ಆ ಟ್ಯಾಂಕಿನ ನೀರು ನಮ್ಮ ಬೀದಿಗೂ ಬರುತ್ತಾ?"

"ಬರುತ್ತೆ ಅಂತಾರೆ."

"ಹೇಳಿದ್ರೆ ತಡ ಆಗುತ್ತೇನೋ."

"ಆಗುತ್ತೆ. ಹೇಳದಿದ್ರೆ ಯಾವತ್ತೋ ವಾಲುತ್ತೆ. ವಾಲದೇನೂ ಇರಬಹುದು. ಯಾರಿಗೆ ಗೊತ್ತು?"

"ನಿನಗೆ ಗೊತ್ತಲ್ಲ" ಎಂದಳು ಅತ್ತೆ. "ಜಡೆ ಬಿಗಿ ಆಯ್ತು, ಸಡಿಲ ಮಾಡು."

ಮರುದಿನ ಒಲೆ ಹಚ್ಚದೆ ಮೊದಲ ಬಸ್ಸು ಹಿಡಿದಳು. ತಗಡಿನ ಕಚೇರಿಯ ಬೀಗ ಇನ್ನೂ ತೆಗೆದಿರಲಿಲ್ಲ. ಎಂಜಿನಿಯರು ಬರುವವರೆಗೆ ಮೆಟ್ಟಿಲಿನ ಮುಂದೆ ಅತ್ತಿಂದಿತ್ತ ನಡೆದಳು. ಹೇಳಬೇಕಾದ ಮಾತನ್ನು ನಾಲ್ಕು ರೀತಿ ಹೊಂದಿಸಿಕೊಂಡಳು. ಅವರು ಬಂದಾಗ ಐದನೆಯ ರೀತಿ ಹೇಳಿದಳು.

"ಸಾರ್, ಆರನೇ ಕಂಬದಲ್ಲಿ ಗೆರೆ ಕೆಳಗೂ ಡಾಂಬರು ಇದೆ. ಮೂರು ಮುಖಕ್ಕೆ, ತುದಿವರೆಗೆ. ಸೈನು ನಂದು. ನೋಡದೆ ಹಾಕಿದ್ದು."

ಅವರು ಕೂತರು. ಕನ್ನಡಕ ತೆಗೆದು ಒರೆಸತೊಡಗಿದರು. ಅದು ಮುಗಿಯುವಂತೆ ಕಾಣಲಿಲ್ಲ.

"ಯಾರು ಬಳಿದದ್ದು?"

"ನಾನು ಅಂತ ಬರ್ಕೊಳ್ಳಿ."

"ನೀವು ಮೂರು ಗಂಟೆಗೇ ಹೋಗಿದ್ರಿ."

"ಡ್ರಮ್ಮು ಖಾಲಿ ಮಾಡಿ ಅಂದದ್ದು ನಾನು. ಎಲ್ಲಿಗೆ ಅಂತ ಹೇಳಲಿಲ್ಲ. ಉಳಿದದ್ದನ್ನ ಚೆಲ್ಲೋ ಹೆಂಗಸರಲ್ಲ ಅವರು."

ಎಂಜಿನಿಯರು ಮೇಜಿನ ಕಡತ ಬಿಚ್ಚಿ ಒಂದು ಹಾಳೆ ತಿರುಗಿಸಿ ಅವಳ ಮುಂದಿಟ್ಟರು. ಸುತ್ತಿಗೆಯ ಏಟುಗಳ ಲೆಕ್ಕ. ಆರನೆಯ ಕಂಬದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನೆಚಿಹ್ನೆ ಇತ್ತು.

"ಏಟು ಕಡಿಮೆ ಬಿದ್ದಿದೆ ಅಂತ ಮೊನ್ನೆ ಸಂಜೆ ನಾನೇ ಹಾಕಿದ್ದು. ಆಮೇಲೆ ನಿಮ್ಮ ಸೈನು ನೋಡಿ, ನೆಲವೇ ಅಲ್ಲಿ ಸ್ವಲ್ಪ ಮೆತ್ತಗಿರಬಹುದು ಅಂತ ಸಮಾಧಾನ ಮಾಡ್ಕೊಂಡೆ. ಇವತ್ತು ಅಳಿಸೋಣ ಅಂತಿದ್ದೆ."

ಅವಳು ಆ ಚಿಹ್ನೆಯನ್ನೇ ನೋಡಿದಳು. ತನ್ನ ಸೈನಿಗೆ ಅಷ್ಟು ತೂಕವಿತ್ತೆಂದು ಅವಳಿಗೆ ಈ ಕ್ಷಣದವರೆಗೆ ತಿಳಿದಿರಲಿಲ್ಲ. ಹೆದರಿಕೆಯಾಯಿತು.

ಮಧ್ಯಾಹ್ನ ಆರನೆಯ ಕಂಬದ ಮೇಲೆ ಮತ್ತೆ ಸುತ್ತಿಗೆ ತಂದು ನಿಲ್ಲಿಸಿದರು. ಹತ್ತು ಏಟು. ಪಕ್ಕದ ಐದನೆಯದು ಹತ್ತು ಏಟಿಗೆ ಅಲುಗಿದ್ದು ಒಂದು ಬೆರಳಿನಷ್ಟೂ ಇಲ್ಲ. ಆರನೆಯದು ಒಂದು ಗೇಣು ಹೋಯಿತು. ಆಪರೇಟರು ಚಹಾ ಲೋಟ ಕೆಳಗಿಟ್ಟ. ಮೇಸ್ತ್ರಿ ಬೇರೆಲ್ಲೋ ಕೆಲಸವಿದ್ದವನ ಹಾಗೆ ನಡೆದುಹೋದ.

ಆರರ ಪಕ್ಕದಲ್ಲಿ ಹದಿನೇಳನೆಯ ಕಂಬವೊಂದನ್ನು ಇಳಿಸಬೇಕೆಂದು ತೀರ್ಮಾನವಾಯಿತು. ಕಂಬ ಬರಲು ಎರಡು ವಾರ. ನಡೆದದ್ದನ್ನೆಲ್ಲ ಅವಳ ಕೈಯಲ್ಲೇ ಬರೆಸಿ ಎಂಜಿನಿಯರು ಮೇಲಿನ ಕಚೇರಿಗೆ ಕಳಿಸಿದರು. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಅವಳು ಅಂಗಳದಲ್ಲಿ ಕೂತದ್ದನ್ನು ಯಾರೂ ನೋಡಲಿಲ್ಲ. ಊಟವನ್ನೂ ನಿಂತೇ ಮಾಡಿದಳು. ಗೇಟಿನಲ್ಲಿ ಯಾವ ಗಾಡಿ ನಿಂತರೂ ತಿರುಗಿ ನೋಡಿದಳು.

ಉತ್ತರದಲ್ಲಿ ಎರಡು ಮಾತಿತ್ತು. ಸೇತುವೆಯ ಲೇಪನದ ಕೆಲಸ ಮೆಷಿನ್ನಿನ ಗುಂಪಿಗೆ. ಟ್ಯಾಂಕಿನ ಉಳಿದ ಕಂಬಗಳಿಗೆ ಈಗಿನ ಸೈನೇ ಮುಂದುವರಿಯಬಹುದು. ಜೊತೆಗೆ ಮೇಸ್ತ್ರಿಯೂ ಕಂಬದ ನಾಲ್ಕೂ ಮುಖ ನೋಡಿ ಸೈನು ಹಾಕಬೇಕು. ಎರಡನೆಯದು ತಾವು ಜಗಳವಾಡಿ ಉಳಿಸಿದ್ದು ಎಂದು ಎಂಜಿನಿಯರು ಹೇಳಲಿಲ್ಲ. ಕನ್ನಡಕ ಒರೆಸಿಕೊಂಡರು.

"ಸೇತುವೆ ಹೋಯ್ತು" ಎಂದಳು ಗೆರೆಯಕ್ಕ, ಹೆಂಗಸರಿಗೆ.

"ಹೋಗೋ ಹಾಗೆ ಮಾಡ್ದೆ" ಎಂದಳು ಓರಗಿತ್ತಿ. "ಬಳಿದೋಳು ನಾನು. ಬೇಕಾದ್ರೆ ನನ್ನ ಬೈದು ಮುಗಿಸಬಹುದಿತ್ತು. ಊರಿಗೆಲ್ಲ ಡಂಗುರ ಹೊಡೆದು, ಈಗ ನಾಲ್ಕು ಮನೆ ಒಲೆಗೆ ನೀರು ಹಾಕಿದೆ."

ಓರಗಿತ್ತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಆಮೇಲೆ ಬ್ರಷ್ಷು ಕೊಡು, ಬಕೆಟ್ಟು ಹಿಡಿ ಎನ್ನುವುದರ ಹೊರತು ಇಬ್ಬರ ನಡುವೆ ಮಾತು ನಿಂತಿತು.

ಹದಿನೇಳನೆಯ ಕಂಬ ಬಂದ ದಿನ ಮೂರು ಮುಖ ಮಧ್ಯಾಹ್ನದೊಳಗೆ ಮುಗಿಯಿತು. ನಾಲ್ಕನೆಯದಕ್ಕೆ ಕಂಬ ಮಗುಚಬೇಕು, ಕ್ರೇನು ಇನ್ನೊಂದು ತುದಿಯಲ್ಲಿ ಸಿಕ್ಕಿಕೊಂಡಿತ್ತು. ನಾಲ್ಕಕ್ಕೆ ಮೇಸ್ತ್ರಿ ಹಾಳೆ ಹಿಡಿದು ಬಂದ. ತನ್ನ ಸೈನು ಆಗಲೇ ಹಾಕಿದ್ದ.

"ಹಾಕಿಬಿಡಿ ಅಕ್ಕ, ನನಗೆ ಹೊರಡ್ಬೇಕು. ಒಂದು ಮುಖ ತಾನೆ."

"ನಾಲ್ಕೂ ಮುಖ ನೋಡಿದ್ದೇನೆ ಅಂತ ಮೇಲೆ ಬರೆದಿದೆ. ನೀವು ಯಾವಾಗ ನೋಡಿದ್ರಿ?"

"ನೀವು ಒಮ್ಮೆ ಎಡವಿದೋರು, ನನಗೆ ಪಾಠ ಹೇಳ್ತೀರಾ?"

"ಎಡವಿದ್ದಕ್ಕೇ ಹೇಳ್ತಿದ್ದೀನಿ. ನಿಮ್ಮ ಸೈನು ಹೊಡೆದುಹಾಕಿ. ಆಮೇಲೆ ಬಗ್ಗಿ ನೋಡಿ ಹಾಕೋರಂತೆ."

ಅವನು ಎಂಜಿನಿಯರ ಕಚೇರಿಯ ಕಡೆ ನೋಡಿದ. ಬಾಗಿಲು ತೆರೆದಿತ್ತು. ಸೈನಿನ ಮೇಲೆ ಗೀಟು ಹಾಕಿ, ಮರದ ದಿಮ್ಮಿಯ ಮೇಲೆ ಮುಖ ಗಂಟಿಕ್ಕಿ ಕೂತ.

ಕ್ರೇನು ಬರುವಾಗ ಐದೂವರೆ. ಆ ಹೊತ್ತಿಗೆ ಗೆರೆಯಕ್ಕನ ಬಸ್ಸು ಹೋಗಿಯಾಗಿತ್ತು. ಕಂಬ ಮಗುಚಿಸಿ, ಆರಲು ಬಿಟ್ಟ ಡಾಂಬರನ್ನು ಮತ್ತೆ ಕಾಯಿಸಿ, ನಾಲ್ಕನೆಯ ಮುಖ ಬಳಿದರು. ಮೇಸ್ತ್ರಿ ಮಂಡಿಯೂರಿ, ಪ್ಯಾಂಟಿಗೆ ಕಪ್ಪು ಮೆತ್ತಿಸಿಕೊಂಡು, ಕಂಬದ ಅಡಿಯಲ್ಲಿ ಇಣುಕಿದ. ಹೆಂಗಸರು ನಗು ತಡೆದುಕೊಂಡರು.

ಗೆರೆಯಕ್ಕ ಟೇಪು ಬಿಚ್ಚಿದಳು. ಕಂಬದ ತಲೆಯ ಕಡೆ ತುದಿ ಹಿಡಿಯಲು ಒಬ್ಬರು ಬೇಕಿತ್ತು. ಯಾರನ್ನೂ ಕರೆಯುವ ಮುಂಚೆ ಓರಗಿತ್ತಿ ಬಂದು ಹಿಡಿದುಕೊಂಡಳು.

"ಎಷ್ಟು?"

"ಹನ್ನೊಂದು ಮೀಟರು, ಮೇಲೆ ಎರಡು ಸೆಂಟಿ" ಎಂದಳು ಗೆರೆಯಕ್ಕ. "ಎರಡು ಸೆಂಟಿ ದಾಟಿದೆ. ಕೆರೀಬೇಕು."

"ಎರಡು ಸೆಂಟಿಗೆ ಟ್ಯಾಂಕು ಬೀಳಲ್ಲ."

"ಬೀಳಲ್ಲ. ಆದ್ರೆ ಗೆರೆ ಮುಟ್ಟಿದೆ. ಮುಟ್ಟಿದ್ರೆ ನಾನು ಹಾಕಲ್ಲ."

ಓರಗಿತ್ತಿ ಗೊಣಗುತ್ತ ಬಂದು ಕರಣೆಯಿಂದ ಕೆರೆದಳು. ಸ್ವಲ್ಪ ಹೊತ್ತಿನ ಮೇಲೆ, ತಲೆಯೆತ್ತದೆ, ಕೇಳಿದಳು:

"ಮುಂದಿನ ತಿಂಗಳು ಏನು ಮಾಡೋಣ?"

"ಗೊತ್ತಿಲ್ಲ ಕಣೇ. ಒಂದೆರಡು ಕಡೆ ಕೇಳ್ಬೇಕು."

"ಸೈನು ಯಾರದು ಅಂತ ಮೊದ್ಲೇ ಕೇಳು."

"ಕೇಳ್ತೀನಿ. ಟೇಪು ಇನ್ನೊಂದ್ಸಲ ಹಿಡಿ, ಬಿಗಿಯಾಗಿ."